ಎರಡು ಸಣ್ಣ ವಿಮಾನ ನಿಲ್ದಾಣಗಳ ನಡುವೆ ಎಷ್ಟು ದೂರ, ಎಷ್ಟು ಹೊತ್ತು?

ಪ್ರಶ್ನೆ: ಎರಡು ಸಣ್ಣ ವಿಮಾನ ನಿಲ್ದಾಣಗಳ ನಡುವಿನ ಆಕಾಶದೂರವನ್ನು ನಾವೇ ಲೆಕ್ಕ ಹಾಕಬಹುದೇ?

ಉತ್ತರ: ಖಂಡಿತ. ಎರಡರ ಅಕ್ಷಾಂಶ, ರೇಖಾಂಶ ಗೊತ್ತಿದ್ದರೆ ಸಾಕು. ಅಕ್ಷಾಂಶದ ಒಂದು ಡಿಗ್ರಿ ಎಂದರೆ ಎಲ್ಲೇ ಆದರೂ ಸುಮಾರು 111 ಕಿ.ಮೀ. ರೇಖಾಂಶದ ಡಿಗ್ರಿ ಮಾತ್ರ ಧ್ರುವದ ಕಡೆ ಹೋದಂತೆಲ್ಲ ಕಿರಿದಾಗುತ್ತದೆ. ಆದ್ದರಿಂದ ಅಲ್ಲಿ 111ನ್ನು ಸರಾಸರಿ ಅಕ್ಷಾಂಶದ ಕೊಸೈನ್‌ನಿಂದ ಗುಣಿಸಬೇಕು.

ಸರಾಸರಿ ಅಕ್ಷಾಂಶ 30 ಡಿಗ್ರಿ, ಅಕ್ಷಾಂಶದ ಅಂತರ 2 ಡಿಗ್ರಿ, ರೇಖಾಂಶದ ಅಂತರ 3 ಡಿಗ್ರಿ ಎಂದಿಟ್ಟುಕೊಳ್ಳಿ. ಉತ್ತರ-ದಕ್ಷಿಣ 222 ಕಿ.ಮೀ.; ಪೂರ್ವ-ಪಶ್ಚಿಮ 3 × 111 × 0.866, ಅಂದರೆ 288 ಕಿ.ಮೀ. ಎರಡರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ 364 ಕಿ.ಮೀ. ವಿಮಾನಯಾನದಲ್ಲಿ ದೂರ ಅಳೆಯುವ ನಾಟಿಕಲ್ ಮೈಲಿ ಎಂದರೆ 1.852 ಕಿ.ಮೀ.; ಅದರಿಂದ ಭಾಗಿಸಿದರೆ ಸುಮಾರು 197 ನಾಟಿಕಲ್ ಮೈಲಿ. ಕೆಲವು ನೂರು ಕಿ.ಮೀ.ಗಳ ಹಾರಾಟಕ್ಕೆ ಇಷ್ಟು ಸಾಕು, ಸಾವಿರಾರು ಕಿ.ಮೀ. ಆದರೆ ಭೂಮಿಯ ಗೋಳಾಕಾರವನ್ನು ಲೆಕ್ಕಕ್ಕೆ ತಗೊಳ್ಳುವ ಹ್ಯಾವರ್ಸೈನ್ ಸೂತ್ರವೇ ಬೇಕು.

ಬಹಳ ಜನ ಎಡವುವುದು ಒಂದೇ ಕಡೆ: 14 ಡಿಗ್ರಿ 30 ನಿಮಿಷ ಎಂದರೆ 14.5, 14.30 ಅಲ್ಲ. ಅಕ್ಷಾಂಶದಲ್ಲಿ ಈ ತಪ್ಪಾದರೆ 22 ಕಿ.ಮೀ. ಏರುಪೇರಾಗುತ್ತದೆ.

ಪ್ರಶ್ನೆ: ಗಂಟೆಗೆ 500 ಕಿ.ಮೀ. ವೇಗದಲ್ಲಿ 364 ಕಿ.ಮೀ.ಗೆ 44 ನಿಮಿಷ ಸಾಕಲ್ಲ? ವೇಳಾಪಟ್ಟಿಯಲ್ಲಿ ಒಂದು ಗಂಟೆಗೂ ಮೀರಿ ಯಾಕೆ ತೋರಿಸುತ್ತಾರೆ?

ಉತ್ತರ: ವೇಳಾಪಟ್ಟಿಯ ಗಡಿಯಾರ ಶುರುವಾಗುವುದು ವಿಮಾನ ನಿಂತ ಜಾಗದಿಂದ ಕದಲಿದಾಗ, ನಿಲ್ಲುವುದು ಇನ್ನೊಂದು ಕಡೆ ತನ್ನ ಜಾಗಕ್ಕೆ ಬಂದು ನಿಂತಾಗ. ಎಟಿಆರ್ 72ರಂಥ ಟರ್ಬೊಪ್ರಾಪ್ (ಟರ್ಬೈನ್ ಎಂಜಿನ್‌ನಿಂದ ಪ್ರೊಪೆಲರ್ ತಿರುಗುವ) ವಿಮಾನ 500 ಕಿ.ಮೀ. ಆಸುಪಾಸಿನ ವೇಗ ಮುಟ್ಟುವುದು ಮೇಲೇರಿ ಸಮಮಟ್ಟದಲ್ಲಿ ಹಾರುವಾಗ. ಏರುವಾಗ ಅದರ ವೇಗ ಇದಕ್ಕಿಂತ ಸಾಕಷ್ಟು ಕಡಿಮೆ, ಇಳಿಯಲು ಬರುವಾಗಲೂ ಅಷ್ಟೇ.

ಸಣ್ಣ ನಿಲ್ದಾಣಗಳಿಗೆ ಅವುಗಳದ್ದೇ ತೊಡಕುಗಳಿವೆ. ಎಷ್ಟೋ ಕಡೆ ರನ್‌ವೇ ಪಕ್ಕದಲ್ಲಿ ಸಮಾನಾಂತರ ಟ್ಯಾಕ್ಸಿವೇ (ವಿಮಾನ ನೆಲದ ಮೇಲೆ ಸಾಗುವ ದಾರಿ) ಇರುವುದಿಲ್ಲ. ಹಾಗಾಗಿ ವಿಮಾನ ರನ್‌ವೇ ಮೇಲೆಯೇ ತುದಿಯವರೆಗೆ ಹೋಗಿ ತಿರುಗಬೇಕು. 2 ಕಿ.ಮೀ.ಯನ್ನು ಗಂಟೆಗೆ 30 ಕಿ.ಮೀ. ವೇಗದಲ್ಲಿ ಸಾಗಿದರೆ ಅದಕ್ಕೇ 4 ನಿಮಿಷ. ಅಷ್ಟು ಹೊತ್ತು ಬೇರೆ ವಿಮಾನ ಇಳಿಯುವಂತಿಲ್ಲ. ವಿಮಾನ ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಇಳಿಯುವುದರಿಂದ, ಗಾಳಿ ಅದರ ಹಿಂದಿನಿಂದ ಬೀಸುತ್ತಿದ್ದರೆ ನಿಲ್ದಾಣ ದಾಟಿ ಸುತ್ತಿ ಬಂದು ಆಚೆ ತುದಿಯಿಂದ ಇಳಿಯಬೇಕಾಗುತ್ತದೆ.

ಒಟ್ಟಾರೆ ಇಂಥ ಹಾರಾಟಕ್ಕೆ ಭಾಗಾಕಾರದ ಉತ್ತರಕ್ಕೆ 20ರಿಂದ 25 ನಿಮಿಷ ಕೂಡಿಸಿ ನೋಡಿ, ವೇಳಾಪಟ್ಟಿಯ ಹತ್ತಿರ ಬರುತ್ತೀರಿ.

ಪ್ರಶ್ನೆ: ಹೋಗುವಾಗ ಎದುರುಗಾಳಿ, ಬರುವಾಗ ಹಿಂಗಾಳಿ. ಸರಿದೂಗುತ್ತದೆಯೇ?

ಉತ್ತರ: ಪೂರ್ತಿ ಸರಿದೂಗುವುದಿಲ್ಲ. ಗಾಳಿಯ ವೇಗ 50 ಕಿ.ಮೀ. ಇದ್ದರೆ ಅದೇ ದೂರಕ್ಕೆ ಹೋಗುವಾಗ 48.5 ನಿಮಿಷ, ಬರುವಾಗ 39.7 ನಿಮಿಷ. ಎದುರುಗಾಳಿಯಲ್ಲಿ ಹೆಚ್ಚು ಹೊತ್ತು ಹಾರುವುದರಿಂದ ಕಳೆದದ್ದೇ ಸ್ವಲ್ಪ ಜಾಸ್ತಿ.

ಪ್ರಶ್ನೆ: ಜೆಟ್ ಆದರೆ ಅರ್ಧ ಹೊತ್ತಿಗೆ ತಲುಪಬಹುದೇ?

ಉತ್ತರ: ಇಲ್ಲ. ಇಷ್ಟು ಸಣ್ಣ ದೂರದಲ್ಲಿ ಜೆಟ್ ಪೂರ್ಣ ಎತ್ತರಕ್ಕೆ ಏರುವಷ್ಟರಲ್ಲೇ ಇಳಿಯುವ ಹೊತ್ತಾಗುತ್ತದೆ. ಮೇಲಾಗಿ 10,000 ಅಡಿಗಿಂತ ಕೆಳಗೆ 250 ನಾಟ್ (ಗಂಟೆಗೆ ಸುಮಾರು 463 ಕಿ.ಮೀ.) ವೇಗದ ಮಿತಿ ಬಹಳ ದೇಶಗಳಲ್ಲಿದೆ. ಉಳಿತಾಯವಾಗುವುದು ಹತ್ತು ನಿಮಿಷದಷ್ಟು.