ಓದುಗರ ಪ್ರಶ್ನೆ: ಬೆಟ್ಟವಿಲ್ಲದ ಜ್ವಾಲಾಮುಖಿಗಳು

ಪ್ರಶ್ನೆ: ದಖ್ಖನ್ ಪ್ರಸ್ಥಭೂಮಿಯ ಕಪ್ಪು ಕಲ್ಲು ಜ್ವಾಲಾಮುಖಿಯಿಂದ ಬಂದದ್ದೆಂದು ಓದಿದ್ದೇನೆ. ಹಾಗಿದ್ದರೆ ಅಲ್ಲಿ ಬಾಯಿ ತೆರೆದ ಬೆಟ್ಟ ಒಂದೂ ಕಾಣುವುದಿಲ್ಲವೇಕೆ? ಲಾವಾ ನೂರಾರು ಕಿಲೋಮೀಟರ್ ಹರಿಯುವಷ್ಟರಲ್ಲಿ ತಣಿದು ಕಲ್ಲಾಗಲಿಲ್ಲವೇ?

ಉತ್ತರ: ಶಂಕುವಿನಾಕಾರದ ಬೆಟ್ಟ ಬೆಳೆಯಬೇಕಾದರೆ ಬೂದಿಯೂ ಅಂಟಾದ ಲಾವಾವೂ ಒಂದೇ ಬಾಯಿಯಿಂದ ಮತ್ತೆ ಮತ್ತೆ ಹೊರಬಿದ್ದು ಅಲ್ಲಿಯೇ ರಾಶಿಯಾಗಬೇಕು. ದಖ್ಖನ್ನಿನ ಕಪ್ಪು ಕಲ್ಲಾದ ಬಸಾಲ್ಟ್‌ನ ಲಾವಾದ ಸ್ವಭಾವ ಬೇರೆ. ಅದರಲ್ಲಿ ಲಾವಾವನ್ನು ಅಂಟಾಗಿಸುವ ಸಿಲಿಕಾದ ಪ್ರಮಾಣ ಶೇ 50ರ ಆಸುಪಾಸಿನಲ್ಲಷ್ಟೇ ಇರುವುದರಿಂದಲೂ, ಹೊರಬರುವಾಗ ಅದರ ಉಷ್ಣತೆ 1,100 ಡಿಗ್ರಿ ಸೆಲ್ಸಿಯಸ್ ಮೀರಿರುವುದರಿಂದಲೂ ಅದು ತೆಳುವಾಗಿದ್ದು, ನೆಲದ ಉದ್ದುದ್ದ ಬಿರುಕುಗಳಿಂದ ಉಕ್ಕಿ ತಗ್ಗುಗಳನ್ನು ತುಂಬುತ್ತ ಹರಡಿಕೊಳ್ಳುತ್ತದೆ. ಕೊನೆಯಲ್ಲಿ ಬಿರುಕಿನೊಳಗೆ ಉಳಿದ ಶಿಲಾರಸ ಅಲ್ಲಿಯೇ ಗಟ್ಟಿಯಾಗಿ ಗೋಡೆಯಂತೆ ನಿಲ್ಲುತ್ತದೆ. ಇದನ್ನು ಡೈಕ್ ಎನ್ನುತ್ತಾರೆ. ನರ್ಮದಾ ಮತ್ತು ತಾಪಿ ನದಿಗಳ ಕಣಿವೆಗಳಲ್ಲಿಯೂ ಕೊಂಕಣದ ಕರಾವಳಿಯಲ್ಲಿಯೂ ಇಂಥ ಡೈಕ್‌ಗಳು ಗುಂಪುಗುಂಪಾಗಿವೆ. ನೀವು ಹುಡುಕಬೇಕಾದದ್ದು ಬೆಟ್ಟವನ್ನಲ್ಲ, ಈ ಗೋಡೆಗಳನ್ನು.

ಎರಡನೆಯ ಸಂದೇಹಕ್ಕೆ ‘ಲಾವಾ ಪ್ರವಾಹ’ ಎಂಬ ಮಾತೇ ಬಹುಮಟ್ಟಿಗೆ ಕಾರಣವೆಂದು ನನಗನ್ನಿಸುತ್ತದೆ. ಆ ಮಾತು ಕೇಳಿದರೆ ಕಟ್ಟೆಯೊಡೆದ ನೀರಿನ ನೆನಪಾಗುತ್ತದೆ. ಆದರೆ ಬಹುಪಾಲು ಹರಿವುಗಳು ಹಾಗೆ ನುಗ್ಗಿದಂತೆ ಕಾಣುವುದಿಲ್ಲ. ಹರಿಯುವ ಲಾವಾದ ಮೇಲ್ಮೈ ಬೇಗನೆ ಹೆಪ್ಪುಗಟ್ಟಿ, ಹಾಲಿನ ಮೇಲಿನ ಕೆನೆಯಂತೆ ಹೊದಿಕೆಯೊಂದನ್ನು ಕಟ್ಟಿಕೊಳ್ಳುತ್ತದೆ. ಕಲ್ಲು ಶಾಖವನ್ನು ಸುಲಭವಾಗಿ ಬಿಟ್ಟುಕೊಡುವ ವಸ್ತುವಲ್ಲವಾದ್ದರಿಂದ ಒಳಗಿನ ರಸ ದ್ರವವಾಗಿಯೇ ಉಳಿದು ಮುಂದಕ್ಕೆ ಸಾಗುತ್ತದೆ, ಹಿಂದಿನಿಂದ ಒತ್ತಿ ಬರುವ ಹೊಸ ರಸ ಹೊದಿಕೆಯನ್ನು ಮೇಲಕ್ಕೆತ್ತುತ್ತ ಹರಿವನ್ನು ಹತ್ತಾರು ಮೀಟರ್ ದಪ್ಪಕ್ಕೆ ಉಬ್ಬಿಸುತ್ತದೆ. ಹವಾಯಿ ದ್ವೀಪದ ಕಿಲಾವೆಯಾ ಜ್ವಾಲಾಮುಖಿಯಲ್ಲಿ ಅಳೆದು ನೋಡಿದಾಗ, ಮುಚ್ಚಿದ ಸುರಂಗದಲ್ಲಿ ಹರಿಯುವ ಲಾವಾ ಒಂದು ಕಿಲೋಮೀಟರಿಗೆ ಒಂದು ಡಿಗ್ರಿಯಷ್ಟೂ ತಣಿಯುವುದಿಲ್ಲವೆಂದು ತಿಳಿದುಬಂದಿದೆ. ಆದ್ದರಿಂದಲೇ ಗೋದಾವರಿ ದಡದ ರಾಜಮಹೇಂದ್ರಿಯ ಬಸಾಲ್ಟ್ ರಾಸಾಯನಿಕವಾಗಿ ದೂರದ ಮಹಾಬಲೇಶ್ವರದ ಸುತ್ತಲಿನ ಪದರಗಳನ್ನೇ ಹೋಲುವುದು ಅಸಂಭವವೆನಿಸುವುದಿಲ್ಲ.

ಇನ್ನೊಂದು ಸಂಗತಿಯನ್ನು ಹೇಳದಿದ್ದರೆ ಚಿತ್ರ ಅರೆಯಾಗುತ್ತದೆ. ಪಶ್ಚಿಮ ಘಟ್ಟದ ರಸ್ತೆ ಕಡಿದ ಇಳಿಜಾರುಗಳಲ್ಲಿ ಎರಡು ಕಪ್ಪು ಪದರಗಳ ನಡುವೆ ಅಲ್ಲಲ್ಲಿ ಕೆಂಪು ಪಟ್ಟಿಯೊಂದು ಕಾಣುತ್ತದೆ. ಅವುಗಳಲ್ಲಿ ಹಲವು, ಕೆಳಗಿನ ಲಾವಾ ಗಾಳಿಮಳೆಗೆ ಸಿಕ್ಕಿ ಶಿಥಿಲವಾಗಿ ಮಣ್ಣಾಗುವಷ್ಟು ಕಾಲ ತೆರೆದುಬಿದ್ದಿತ್ತು ಎಂಬುದಕ್ಕೆ ಸಾಕ್ಷಿ. ಕೆಲವೆಡೆ ಪದರಗಳ ನಡುವಣ ಕೆರೆಯ ಕೆಸರಿನಲ್ಲಿ ಸಿಹಿನೀರಿನ ಬಸವನಹುಳು, ಕಪ್ಪೆ, ತಾಳೆಯ ಜಾತಿಯ ಮರಗಳ ಪಳೆಯುಳಿಕೆಗಳೂ ದೊರೆತಿವೆ. ಅಂದರೆ ಒಂದು ಹರಿವಿಗೂ ಮುಂದಿನದಕ್ಕೂ ನಡುವೆ ಕಾಡು ಬೆಳೆದು, ಕೆರೆ ತುಂಬಿ, ಜೀವಿಗಳು ನೆಲೆಸುವಷ್ಟು ಬಿಡುವಿತ್ತು. ಹೀಗೆ ಒಂದರ ಮೇಲೊಂದು ಕೂತ ಪದರಗಳೇ ಸವೆದು ಮೆಟ್ಟಿಲುಗಳಂತಾಗಿವೆ. ಈ ಪದರಗಳನ್ನು ‘ದಖ್ಖನ್ ಟ್ರ್ಯಾಪ್’ ಎನ್ನುವಾಗಿನ ‘ಟ್ರ್ಯಾಪ್’ ಎಂಬ ಹೆಸರಿನ ಮೂಲವೂ ಮೆಟ್ಟಿಲು ಎಂಬರ್ಥದ ಸ್ವೀಡಿಷ್ ಪದವೇ.

ಪ್ರಶ್ನೆ: ಜೀವಸಂಕುಲಗಳನ್ನು ನಾಶಮಾಡಿದ್ದು ಈ ಲಾವಾವೇ?

ಉತ್ತರ: ಅಂಥ ನಾಶಕ್ಕೆ ಕಾರಣವಾಗಬಲ್ಲದ್ದು ಲಾವಾ ಅಲ್ಲ, ಅದರೊಡನೆ ಬರುವ ಅನಿಲ. ಐಸ್‌ಲ್ಯಾಂಡಿನ ಲಾಕಿ ಬಿರುಕು 1783ರಲ್ಲಿ ತೆರೆದುಕೊಂಡು ಎಂಟು ತಿಂಗಳಲ್ಲಿ ಸುಮಾರು 15 ಘನ ಕಿಲೋಮೀಟರ್ ಲಾವಾ ಹೊರಹಾಕಿತು. ಗಂಧಕದ ಮಂಜು ಯೂರೋಪನ್ನು ಕವಿಯಿತು, ಫ್ಲೋರಿನ್ ಕೂತ ಹುಲ್ಲು ಮೇದು ಜಾನುವಾರುಗಳು ಸತ್ತವು, ಹಿಂದೆಯೇ ಬಂದ ಕ್ಷಾಮದಲ್ಲಿ ಐಸ್‌ಲ್ಯಾಂಡಿನ ಜನರಲ್ಲಿ ಐದರಲ್ಲೊಂದು ಪಾಲು ಅಳಿಯಿತು. ಇದಕ್ಕೆ ಹೋಲಿಸಿದರೆ, ಅಮೆರಿಕದ ಕೊಲಂಬಿಯಾ ನದಿ ಪ್ರದೇಶದಲ್ಲಿ ಒಂದೊಂದೇ ಹರಿವು 1,000 ಘನ ಕಿಲೋಮೀಟರ್ ಮೀರಿದ್ದುಂಟು.

ಆದರೂ ಗಾತ್ರವೊಂದೇ ವಿನಾಶವನ್ನು ನಿರ್ಧರಿಸುವುದಿಲ್ಲ. ಸುಮಾರು 13.4 ಕೋಟಿ ವರ್ಷಗಳ ಹಿಂದಿನ ಪರಾನಾ–ಎಟೆಂಡೆಕಾ ಬಸಾಲ್ಟ್ ದಕ್ಷಿಣ ಅಮೆರಿಕ ಮತ್ತು ಆಫ್ರಿಕಾಗಳೆರಡರಲ್ಲೂ ಹರಡಿರುವಷ್ಟು ವಿಶಾಲ. ಅದರ ಕಾಲಕ್ಕೆ ಮಹಾವಿನಾಶವೇನೂ ಸಂಭವಿಸಲಿಲ್ಲ. 25.2 ಕೋಟಿ ವರ್ಷಗಳ ಹಿಂದೆ ಸೈಬೀರಿಯಾದಲ್ಲಿ ಶಿಲಾರಸ ನೆಲದಡಿಯ ಕಲ್ಲಿದ್ದಲು ಮತ್ತು ಉಪ್ಪಿನ ಪದರಗಳೊಳಗೆ ನುಗ್ಗಿ ಅವನ್ನು ಬೇಯಿಸಿತು. ಸಮುದ್ರದ ಬಹುಪಾಲು ಪ್ರಭೇದಗಳು ಅಳಿದ ಆ ದುರಂತಕ್ಕೆ, ಹೀಗೆ ಬಿಡುಗಡೆಯಾದ ಇಂಗಾಲದ ಅನಿಲಗಳೇ ಮುಖ್ಯ ಕಾರಣವೆಂಬ ವಾದ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ. ದಖ್ಖನ್ನಿನ ವಿಷಯದಲ್ಲಿ, ಡೈನೊಸಾರ್‌ಗಳು ಅಳಿದದ್ದು ಲಾವಾದ ಅನಿಲದಿಂದಲೋ ಕ್ಷುದ್ರಗ್ರಹದಿಂದಲೋ ಎಂಬ ವಿವಾದ ಇನ್ನೂ ಮುಗಿದಿಲ್ಲ. ಮೆಕ್ಸಿಕೋದ ಚಿಕ್ಸುಲುಬ್‌ಗೆ 6.6 ಕೋಟಿ ವರ್ಷಗಳ ಹಿಂದೆ ಕ್ಷುದ್ರಗ್ರಹ ಅಪ್ಪಳಿಸುವ ಮೊದಲೇ ಇಲ್ಲಿ ಲಾವಾ ಹರಿಯುತ್ತಿತ್ತು, ಅಪ್ಪಳಿಸಿದ ಮೇಲೂ ಹರಿಯಿತು.

ಪ್ರಶ್ನೆ: ಇಂದು ಎಲ್ಲಾದರೂ ಇಂಥ ಪ್ರವಾಹ ನಡೆದಿದೆಯೇ?

ಉತ್ತರ: ಇಲ್ಲ. ಖಂಡಗಳ ಮೇಲಿನ ಇಂಥ ಪ್ರದೇಶಗಳಲ್ಲಿ ತೀರ ಕಿರಿಯದಾದ ಕೊಲಂಬಿಯಾ ನದಿ ಪ್ರದೇಶದ್ದೇ ಸುಮಾರು 1.7 ಕೋಟಿ ವರ್ಷಗಳ ಹಿಂದೆ ಆರಂಭವಾದದ್ದು.