ಟರ್ಬೊ ಹಿಂದೆ ಅಡಗಿದ ನಟ್ಟು: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಟರ್ಬೊದ ಬಿಸಿ ಬದಿಯವು. ಅಂದರೆ ಸಿಲಿಂಡರ್‌ಗಳ ಹೊಗೆಯನ್ನು ಒಟ್ಟುಗೂಡಿಸುವ ಮ್ಯಾನಿಫೋಲ್ಡ್, ಆ ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಗಾಳಿ ತಳ್ಳುವ ಟರ್ಬೊ, ಅದರ ಬಾಯಿಗೆ ಕೂತು ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್, ಅಲ್ಲಿಂದ ಹೊಗೆಯನ್ನು ಕೆಳಗೆ ಒಯ್ಯುವ ಡೌನ್‌ಪೈಪ್ ಮತ್ತು ಇವುಗಳ ನಡುವೆ ಸೋರದಂತೆ ಇಡುವ ಪ್ಯಾಕಿಂಗ್. ಒಂದೇ ಥರದ ಪ್ರಶ್ನೆಗಳನ್ನು ಒಟ್ಟು ಸೇರಿಸಿದ್ದೇವೆ.

ಪ್ರಶ್ನೆ: ನನ್ನದು 2014ರ ಡಸ್ಟರ್ ಡೀಸೆಲ್. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎಂಜಿನ್ ಹಿಂದಿನಿಂದ ‘ಟಿಕ್ ಟಿಕ್’ ಸದ್ದು ಬರುತ್ತದೆ, ಹತ್ತು ನಿಮಿಷ ಓಡಿಸಿದ ಮೇಲೆ ನಿಲ್ಲುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಎಸಿ ಗಾಳಿಯಲ್ಲಿ ಹೊಗೆ ವಾಸನೆ. ಪ್ಯಾಕಿಂಗ್ ಬದಲಿಸಲು ಎಂಜಿನ್ನನ್ನೇ ಇಳಿಸಬೇಕು ಎಂದು ಗ್ಯಾರೇಜಿನವರು ಹೇಳುತ್ತಿದ್ದಾರೆ. ನಿಜವೇ? — ಓದುಗರು, ದಾವಣಗೆರೆ

ಉತ್ತರ: ಎಂಜಿನ್ ಇಳಿಸಬೇಕಾಗಿಲ್ಲ. ಆದರೆ ಬಾನೆಟ್ ಎತ್ತಿ ಮೇಲಿನಿಂದ ಕೈ ಹಾಕಿ ಮುಗಿಸುವ ಕೆಲಸವೂ ಅಲ್ಲ. ನಿಮ್ಮ ಕಾರಿನಲ್ಲಿರುವುದು ರೆನೊದ ಕೆ9ಕೆ ಎಂಜಿನ್. ಲೋಗನ್, ವೆರಿಟೊ, ಸನ್ನಿ, ಟೆರಾನೊ ಡೀಸೆಲ್‌ಗಳಲ್ಲೂ ಇದೇ ಎಂಜಿನ್ ಇದೆ. ಇದರ ಇಂಜೆಕ್ಟರ್ ಪಂಪ್ ಮುಂದುಗಡೆ, ಮ್ಯಾನಿಫೋಲ್ಡ್ ಮತ್ತು ಟರ್ಬೊ ಹಿಂದುಗಡೆ, ಫೈರ್‌ವಾಲ್ (ಎಂಜಿನ್ನಿಗೂ ಕಾರಿನ ಒಳಭಾಗಕ್ಕೂ ನಡುವಿನ ತಗಡಿನ ಗೋಡೆ) ಕಡೆಗೆ. ಎಸಿಗೆ ಹೊರಗಿನ ಗಾಳಿ ಎಳೆಯುವ ಕಿಂಡಿಯೂ ಅಲ್ಲೇ ಮೇಲೆ, ಗಾಜಿನ ಬುಡದಲ್ಲಿದೆ. ಹಾಗಾಗಿ ಸಣ್ಣ ಸೋರಿಕೆಯಾದರೂ ವಾಸನೆ ಸೀದಾ ಒಳಗೆ ಬರುತ್ತದೆ. ಹೊಗೆಯ ವಾಸನೆ ಮೂಗಿಗೆ ತಿಳಿಯುತ್ತದೆ, ಅದರ ಜೊತೆಗಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ. ರಿಪೇರಿ ಆಗುವವರೆಗೆ ಕಿಟಕಿ ಇಳಿಸಿಕೊಂಡೇ ಓಡಿಸಿ, ದೂರದ ಪ್ರಯಾಣ ಬೇಡ.

ಮೊದಲು ಸೋರಿಕೆ ಎಲ್ಲಿ ಎಂದು ಖಚಿತ ಮಾಡಿಕೊಳ್ಳಿ. ತಣ್ಣಗಿದ್ದಾಗ ಸದ್ದು ಬಂದು ಬಿಸಿಯಾದಾಗ ನಿಲ್ಲುವುದೆಂದರೆ ಕಬ್ಬಿಣ ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತಿದೆ ಎಂದರ್ಥ. ಸಾಮಾನ್ಯವಾಗಿ ಮ್ಯಾನಿಫೋಲ್ಡ್ ಪ್ಯಾಕಿಂಗ್ ಅಥವಾ ತುಂಡಾದ ಒಂದು ಸ್ಟಡ್ (ನಟ್ಟು ಕೂರುವ, ತಲೆಯಿಲ್ಲದ ಬೋಲ್ಟು) ಇದಕ್ಕೆ ಕಾರಣ. ತಣ್ಣನೆಯ ಎಂಜಿನ್ನಿನಲ್ಲಿ ಸೈಲೆನ್ಸರ್ ಬಾಯಿಗೆ ವ್ಯಾಕ್ಯೂಮ್ ಕ್ಲೀನರಿನ ಊದುವ ಬದಿಯನ್ನು ಬಟ್ಟೆ ಸುತ್ತಿ ಕೊಟ್ಟು, ಜೋಡಣೆಗಳ ಮೇಲೆ ಸೋಪಿನ ನೀರು ಸಿಂಪಡಿಸಿ. ನೊರೆ ಏಳುವಲ್ಲಿ ಸೋರಿಕೆ. ಕೈಗನ್ನಡಿ, ಟಾರ್ಚ್ ಹಿಡಿದು ನೋಡಿದರೆ ಕಪ್ಪು ಮಸಿಯ ಗೆರೆಯೂ ಕಾಣುತ್ತದೆ. ಟರ್ಬೊಗೆ ಮೊದಲೇ ಸೋರಿದರೆ ಎಳೆತ ಕಡಿಮೆಯಾಗಿ ಕಪ್ಪು ಹೊಗೆ ಹೆಚ್ಚುತ್ತದೆ. ಟರ್ಬೊ ದಾಟಿದ ಮೇಲೆ ಸೋರಿದರೆ ಸದ್ದು, ವಾಸನೆ ಮಾತ್ರ, ಎಳೆತಕ್ಕೆ ಅಷ್ಟಾಗಿ ಪೆಟ್ಟಿಲ್ಲ. ಈ ವ್ಯತ್ಯಾಸ ತಿಳಿದರೆ ಯಾವುದನ್ನು ಬಿಚ್ಚಬೇಕು ಎಂಬುದು ಅರ್ಧ ತೀರ್ಮಾನವಾದ ಹಾಗೆ.

ಇಂಥ ಕೆಲಸ ಕೆಡುವುದು ಜಾಗ ಮಾಡಿಕೊಳ್ಳದೆ ನಟ್ಟಿಗೆ ಕೈ ಹಾಕಿದಾಗಲೇ. ಒಂದು ಗಂಟೆ ಉಳಿಸಲು ಹೋಗಿ ಸ್ಟಡ್ ಮುರಿದರೆ ಇಡೀ ದಿನ ಹೋಗುತ್ತದೆ. ಬ್ಯಾಟರಿ ಬಿಚ್ಚಿ. ವೈಪರ್ ತೋಳುಗಳನ್ನೂ ಅವುಗಳ ಕೆಳಗಿನ ಪ್ಲಾಸ್ಟಿಕ್ ತಟ್ಟೆಯನ್ನೂ ತೆಗೆಯಿರಿ, ಮೇಲೆ ಮೊಣಕೈ ಆಡುವಷ್ಟು ಜಾಗ ಸಿಗುತ್ತದೆ. ಗಾಳಿಯ ಹೋಸುಗಳು, ಶಾಖ ತಡೆಯುವ ತಗಡು ಆಮೇಲೆ. ಕಾರನ್ನು ಲಿಫ್ಟ್ ಮೇಲೆ ಎತ್ತಿ ಅಥವಾ ಪಿಟ್ ಮೇಲೆ ನಿಲ್ಲಿಸಿ. ಬರೀ ಜ್ಯಾಕ್ ನಂಬಿ ಅಡಿಗೆ ನುಸುಳಬೇಡಿ, ಸ್ಟ್ಯಾಂಡ್ ಇಡಲೇಬೇಕು. ಕೆಳಗಿನಿಂದ ಬಲಗಡೆಯ ಡ್ರೈವ್‌ಶಾಫ್ಟ್ (ಗೇರ್ ಬಾಕ್ಸಿನಿಂದ ಚಕ್ರಕ್ಕೆ ಹೋಗುವ ದಂಡ) ತೆಗೆದರೆ ಕನ್ವರ್ಟರ್ ಇಳಿಯಲು ದಾರಿಯಾಗುತ್ತದೆ. ಶಾಫ್ಟ್ ಎಳೆದಾಗ ಗೇರ್ ಆಯಿಲ್ ಸುರಿಯುತ್ತದೆ, ಆದ್ದರಿಂದ ಅದನ್ನು ಮೊದಲೇ ಇಳಿಸಿಕೊಳ್ಳಿ. ಹಬ್ ನಟ್ಟು, ಆಯಿಲ್ ಸೀಲ್ ಹೊಸದು ತಂದಿಟ್ಟುಕೊಂಡಿರಿ. ಆಲ್ ವೀಲ್ ಡ್ರೈವ್ ಡಸ್ಟರ್ ಆದರೆ ಎಂಜಿನ್ ಹಿಂದೆ ಹಿಂದಿನ ಚಕ್ರಗಳಿಗೆ ಶಕ್ತಿ ಕಳಿಸುವ ಟ್ರಾನ್ಸ್‌ಫರ್ ಬಾಕ್ಸ್ ಕೂಡ ಕೂತಿರುತ್ತದೆ, ಕೂಲಿ ಹೆಚ್ಚು ಕೇಳಿದರೆ ಅದಕ್ಕೆ ಕಾರಣವಿದೆ.

ಕನ್ವರ್ಟರ್ ಮೊದಲು ಕೆಳಗೆ ಇಳಿಯಬೇಕು, ಆಮೇಲೆ ಆಯಿಲ್ ಪೈಪುಗಳು, ಕೊನೆಗೆ ಟರ್ಬೊ. ಬಾಯಿ ತೆರೆದ ಪ್ರತಿ ಪೈಪಿಗೂ ಕೂಡಲೇ ಬಟ್ಟೆ ತುರುಕಿ, ಎಷ್ಟು ಬಟ್ಟೆ ತುರುಕಿದಿರಿ ಎಂದು ಬರೆದಿಟ್ಟುಕೊಳ್ಳಿ. ಒಂದು ವಾಷರ್ ಟರ್ಬೈನಿನೊಳಗೆ ಬಿದ್ದರೆ ರೆಕ್ಕೆಗಳ ಕಥೆ ಮುಗಿಯಿತು.

ಕಣ್ಣಿಗೆ ಕಾಣದ ನಟ್ಟಿಗೆ ಸಾಮಾನ್ಯ ಸ್ಪ್ಯಾನರ್ ಸಾಲದು. 3/8 ಇಂಚಿನ ರ‍್ಯಾಚೆಟ್, 600 ಮಿ.ಮೀ. ಉದ್ದದ ಎಕ್ಸ್‌ಟೆನ್ಷನ್, ತುದಿಯಲ್ಲಿ ಒಂದೇ ಒಂದು ಯುಜೆ (ಯುನಿವರ್ಸಲ್ ಜಾಯಿಂಟ್, ಎತ್ತ ಬೇಕಾದರೂ ಬಗ್ಗುವ ಕೀಲು), ಅದಕ್ಕೆ ಆರು ಮೂಲೆಯ ಸಾಕೆಟ್ ಸಿಕ್ಕಿಸಿ. ಎರಡು ಯುಜೆ ಹಾಕಿದರೆ ಬಲ ನಟ್ಟಿಗೆ ಹೋಗುವ ಬದಲು ಸಾಕೆಟ್ ಪಕ್ಕಕ್ಕೆ ಹೊರಳುತ್ತದೆ. ಯುಜೆಗೆ ಎರಡು ಸುತ್ತು ಇನ್ಸುಲೇಷನ್ ಟೇಪ್ ಬಿಗಿದರೆ ಅದು ತೂಗಾಡದೆ ನೆಟ್ಟಗೆ ನಿಲ್ಲುತ್ತದೆ, ಕತ್ತಲಲ್ಲೂ ನಟ್ಟು ಸಿಗುತ್ತದೆ. ತಲೆ ಬಗ್ಗುವ ರ‍್ಯಾಚೆಟ್ ಸ್ಪ್ಯಾನರ್ ಒಂದನ್ನು ಕೊಂಡರೆ ಮೇಲಿನ ಎರಡು ನಟ್ಟಿಗೆ ಅದೇ ಸಾಕು.

ಪ್ರಶ್ನೆ: ಕಡಲ ತೀರದ ಗಾಳಿಗೆ ಟರ್ಬೊ ನಟ್ಟುಗಳೆಲ್ಲ ತುಕ್ಕು ಹಿಡಿದು ಸವೆದಿವೆ. ಒಂದು ಸ್ಟಡ್ ಆಗಲೇ ತುಂಡಾಗಿದೆ. ಉಳಿದವನ್ನು ಮುರಿಯದೆ ತೆಗೆಯುವುದು ಹೇಗೆ? — ಓದುಗರು, ಉಡುಪಿ

ಉತ್ತರ: ತುಕ್ಕು ಬಿಡಿಸುವ ಸ್ಪ್ರೇಯನ್ನು ಹಿಂದಿನ ದಿನ ಸಂಜೆಯೇ ಹೊಡೆಯಿರಿ, ಬೆಳಿಗ್ಗೆ ಮತ್ತೊಮ್ಮೆ. ಸ್ಪ್ರೇ ಹೊಡೆದ ಕೂಡಲೇ ಸ್ಪ್ಯಾನರ್ ಹಾಕಿದರೆ ಅದು ದಾರಿಯೊಳಗೆ (ನಟ್ಟು, ಸ್ಟಡ್ಡಿನ ತಿರುಪು ಗೆರೆಗಳೊಳಗೆ) ಇಳಿದೇ ಇರುವುದಿಲ್ಲ. ಬಿಸಿ ಎಂಜಿನ್ ಮೇಲೆ ಹೊಡೆಯಬೇಡಿ, ಹೊತ್ತಿಕೊಳ್ಳಬಹುದು.

ನಟ್ಟನ್ನು ಬಿಚ್ಚುವ ಮೊದಲು ಕೂದಲೆಳೆಯಷ್ಟು ಬಿಗಿ ಮಾಡುವ ಕಡೆಗೆ ತಿರುಗಿಸಿ. ‘ಟಕ್’ ಎಂದು ತುಕ್ಕು ಬಿಟ್ಟರೆ ಆಮೇಲೆ ಹಿಂದಕ್ಕೆ ಕಾಲು ಸುತ್ತು, ಮತ್ತೆ ಮುಂದಕ್ಕೆ ಅರ್ಧದಷ್ಟು, ಹೀಗೆ ಆಡಿಸುತ್ತ ಬನ್ನಿ. ಒಂದೇ ಸಮನೆ ಎಳೆದರೆ ತುಕ್ಕಿನ ಪುಡಿ ದಾರಿಯಲ್ಲಿ ಜಮಾಯಿಸಿ ಮಧ್ಯದಲ್ಲಿ ಹಿಡಿದುಕೊಳ್ಳುತ್ತದೆ. 8 ಮಿ.ಮೀ. ಸ್ಟಡ್ ತುಂಡಾಗುವುದು ಬಹುಪಾಲು ಅಲ್ಲೇ.

ಸವೆದ 13 ಮಿ.ಮೀ. ನಟ್ಟಿಗೆ 13ರ ಸಾಕೆಟ್ ಜಾರುತ್ತದೆ. ಅರ್ಧ ಇಂಚಿನ ಸಾಕೆಟ್ಟಿನ ಅಳತೆ 12.7 ಮಿ.ಮೀ. ಅದನ್ನು ಸುತ್ತಿಗೆಯಿಂದ ಬಡಿದು ಕೂರಿಸಿದರೆ ಗಟ್ಟಿಯಾಗಿ ಹಿಡಿಯುತ್ತದೆ. ಇದಕ್ಕೂ ಬಗ್ಗದಿದ್ದರೆ ಶಾಖ ಕೊಡಬೇಕು. ಇಕ್ಕಟ್ಟಿನಲ್ಲಿ ಗ್ಯಾಸ್ ಜ್ವಾಲೆ ಅಪಾಯ: ಪಕ್ಕದಲ್ಲೇ ಬ್ರೇಕ್ ಪೈಪ್, ವೈರ್, ಡೀಸೆಲ್ ಹೋಸ್ ಇರುತ್ತವೆ. ಕಾಯಿಲ್ ಸುತ್ತಿ ನಟ್ಟನ್ನಷ್ಟೇ ಕೆಂಪಾಗಿಸುವ ಇಂಡಕ್ಷನ್ ಹೀಟರ್ ಇರುವ ಗ್ಯಾರೇಜ್ ಹುಡುಕುವುದು ಲೇಸು.

ತುಂಡಾದ ಸ್ಟಡ್ ಸ್ವಲ್ಪ ಹೊರಗೆ ಚಾಚಿದ್ದರೆ ಅದರ ಮೇಲೆ ಒಂದು ನಟ್ಟು ಇಟ್ಟು ಒಳಗಿನಿಂದ ವೆಲ್ಡ್ ಮಾಡಿಸಿ. ವೆಲ್ಡಿಂಗಿನ ಶಾಖವೇ ಅರ್ಧ ಕೆಲಸ ಮಾಡಿಬಿಡುತ್ತದೆ. ಕೆಂಪು ಇಳಿದು ಇನ್ನೂ ಬಿಸಿಯಿರುವಾಗ ಮೆಲ್ಲಗೆ ತಿರುಗಿಸಬೇಕು. ಒಳಗೇ ಮುರಿದಿದ್ದರೆ ಪಂಚ್‌ನಿಂದ ನಟ್ಟನಡುವೆ ಗುರುತು ಮಾಡಿ 3, 5, ಆಮೇಲೆ 6.5 ಮಿ.ಮೀ. ಡ್ರಿಲ್. ಉಳಿದ ಚಿಪ್ಪನ್ನು ಕಿತ್ತು ದಾರಿಗೆ 8×1.25ರ ಟ್ಯಾಪ್ (ತಿರುಪು ಕೊರೆಯುವ ಉಪಕರಣ) ಓಡಿಸಿ. ದಾರಿ ಹೋಗಿದ್ದರೆ ಹೆಲಿಕಾಯಿಲ್ (ಹೊಸ ತಿರುಪು ಕೊಡುವ ತಂತಿಯ ಸುರುಳಿ) ಹಾಕಿಸಿ. ಡ್ರಿಲ್ ಮೆಷಿನ್ ನೇರವಾಗಿ ಹಿಡಿಯುವಷ್ಟು ಜಾಗ ಇಲ್ಲದಿದ್ದರೆ ಪ್ರಯತ್ನವನ್ನೇ ಮಾಡಬೇಡಿ. ಎಂಜಿನ್ನಿನ ಸಿಲಿಂಡರ್ ಹೆಡ್ ಅಲ್ಯೂಮಿನಿಯಂ, ಸ್ಟಡ್ ಉಕ್ಕು. ಓರೆಯಾದ ಡ್ರಿಲ್ ಯಾವಾಗಲೂ ಮೆತ್ತನೆಯ ಕಡೆಗೇ ಜಾರುತ್ತದೆ. ಸ್ಟಡ್ ಟರ್ಬೊ ಅಥವಾ ಮ್ಯಾನಿಫೋಲ್ಡಿನಲ್ಲಿದ್ದರೆ ಅದನ್ನು ಹೊರಗೆ ತಂದು ಲೇತ್ ಅಂಗಡಿಯ ಬೆಂಚಿನ ಮೇಲೆ ತೆಗೆಸಿ.

ಪ್ರಶ್ನೆ: ಹಳೆಯ ಪ್ಯಾಕಿಂಗ್ ಚೆನ್ನಾಗಿಯೇ ಇದೆ. ಮೇಲೆ ಸ್ವಲ್ಪ ಸಿಲಿಕೋನ್ ಪೇಸ್ಟ್ ಬಳಿದು ಹಾಕಬಹುದೇ? ನಟ್ಟುಗಳನ್ನು ಸ್ಟೇನ್‌ಲೆಸ್ ಸ್ಟೀಲಿನವೇ ಹಾಕಿಸಿದರೆ ತುಕ್ಕಿನ ಕಾಟ ತಪ್ಪುತ್ತದಲ್ಲವೇ? — ಓದುಗರು, ಮೈಸೂರು

ಉತ್ತರ: ಎರಡೂ ಬೇಡ. ಪದರ ಪದರವಾದ ಉಕ್ಕಿನ ಪ್ಯಾಕಿಂಗ್ ಒಮ್ಮೆ ಒತ್ತಿದ ಮೇಲೆ ಮತ್ತೆ ಪುಟಿಯುವುದಿಲ್ಲ. ಡೀಸೆಲ್‌ನಲ್ಲಿ ಆ ಜಾಗದ ಹೊಗೆ 800 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ, ಟರ್ಬೊ ಪೆಟ್ರೋಲ್‌ನಲ್ಲಿ 950 ದಾಟುತ್ತದೆ. ಸಿಲಿಕೋನ್ ಅಲ್ಲಿ ಸುಟ್ಟು ಪುಡಿಯಾಗುತ್ತದೆ, ಪುಡಿ ಟರ್ಬೈನಿಗೆ ಹೋಗುತ್ತದೆ.

ಹೊಸ ಪ್ಯಾಕಿಂಗ್ ಇಡುವ ಮೊದಲು ಮ್ಯಾನಿಫೋಲ್ಡ್ ಮುಖ ಸಮತಟ್ಟಾಗಿದೆಯೇ ನೋಡಿ. ಸ್ಟೀಲ್ ಪಟ್ಟಿ ಅಡ್ಡ ಇಟ್ಟು ಫೀಲರ್ ಗೇಜ್ (ಸಂದು ಅಳೆಯುವ ತೆಳು ಉಕ್ಕಿನ ಎಲೆಗಳು) ತೂರಿಸಿ. 0.1 ಮಿ.ಮೀ. ಎಲೆ ಸರಾಗವಾಗಿ ಒಳಹೋದರೆ ಮುಖ ಸೊಟ್ಟಗಾಗಿದೆ ಎಂದು ತಿಳಿದು ಸರ್ಫೇಸ್ ಗ್ರೈಂಡಿಂಗ್ ಮಾಡಿಸಿ. ಈ ಪರೀಕ್ಷೆ ಬಿಟ್ಟವರೇ ಆರು ತಿಂಗಳಲ್ಲಿ ಮತ್ತದೇ ಸದ್ದು ಎಂದು ಬರೆಯುತ್ತಾರೆ.

ಸ್ಟೇನ್‌ಲೆಸ್ ಬಿಸಿಗೆ ಮ್ಯಾನಿಫೋಲ್ಡಿನ ಬೀಡುಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುತ್ತದೆ, ಹಾಗಾಗಿ ಬಿಗಿತ ಸಡಿಲುತ್ತದೆ. ಸ್ಟೇನ್‌ಲೆಸ್ ಸ್ಟಡ್ಡಿಗೆ ಸ್ಟೇನ್‌ಲೆಸ್ ನಟ್ಟು ಹಾಕಿದರಂತೂ ದಾರಿ ದಾರಿಗೆ ಅಂಟಿಕೊಂಡು ಬಿಚ್ಚಲೂ ಆಗದ ಸ್ಥಿತಿ ಬರುತ್ತದೆ. ಕಂಪನಿಯವರು ಕೊಡುವ, ತಾಮ್ರದ ಲೇಪವಿರುವ ಲಾಕ್ ನಟ್ಟುಗಳನ್ನೇ ತನ್ನಿ. ಅವು ಒಂದು ಸಲದ ಬಳಕೆಗೆ. ಬಾಯಿ ಸ್ವಲ್ಪ ಚಪ್ಪಟೆ ಮಾಡಿರುವುದರಿಂದಲೇ ಅವು ಕಂಪನಕ್ಕೆ ಸಡಿಲವಾಗದೆ ನಿಲ್ಲುವುದು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೊಳ್ಳುವುದಾದರೆ ಹಳೆಯ ನಟ್ಟು, ಸ್ಟಡ್ ಒಂದೊಂದು ಜೇಬಿನಲ್ಲಿರಲಿ. ಬಾಯಿಮಾತಿನ ಅಳತೆ ನಂಬಬೇಡಿ.

ಪ್ರಶ್ನೆ: ಟಾರ್ಕ್ ರೆಂಚ್ (ಬಿಗಿತ ಅಳೆದು ತೋರಿಸುವ ಸ್ಪ್ಯಾನರ್) ಇದೆ, ಆದರೆ ಟರ್ಬೊ ಹಿಂದಿನ ನಟ್ಟಿಗೆ ಅದು ಹೋಗುವುದೇ ಇಲ್ಲ. ಅಂದಾಜಿನಲ್ಲಿ ಬಿಗಿ ಮಾಡಬಹುದೇ? — ಓದುಗರು, ಧಾರವಾಡ

ಉತ್ತರ: ಕ್ರೋ ಫುಟ್ ಸ್ಪ್ಯಾನರ್ (ರೆಂಚಿನ ತುದಿಗೆ ಸಿಕ್ಕಿಸುವ, ಕೈಯಿಲ್ಲದ ಸ್ಪ್ಯಾನರ್ ಬಾಯಿ) ತನ್ನಿ. ಅದನ್ನು ರೆಂಚಿನ ಕೈಗೆ 90 ಡಿಗ್ರಿ ಅಡ್ಡಲಾಗಿ ಇಟ್ಟರೆ ರೆಂಚ್ ತೋರಿಸುವ ಅಂಕಿಯೇ ಸರಿ. ನೇರಕ್ಕೆ ಮುಂಚಾಚಿ ಇಟ್ಟರೆ ಕೈ ಉದ್ದವಾದಂತೆ, ಲೆಕ್ಕ ಬದಲಾಗುತ್ತದೆ. ರೆಂಚಿನ ಉದ್ದ 300 ಮಿ.ಮೀ., ಕ್ರೋ ಫುಟ್ ಚಾಚು 40 ಮಿ.ಮೀ. ಇದ್ದು, ಬೇಕಾದದ್ದು 25 ನ್ಯೂಟನ್ ಮೀಟರ್ ಎನ್ನಿ. 25ನ್ನು 300ರಿಂದ ಗುಣಿಸಿ 340ರಿಂದ ಭಾಗಿಸಿದರೆ 22. ರೆಂಚನ್ನು 22ಕ್ಕೆ ಹೊಂದಿಸಿ. ರೆಂಚಿನ ಉದ್ದವನ್ನು ಅದರ ಚೌಕ ತುದಿಯ ನಡುವಿನಿಂದ ಕೈ ಹಿಡಿಯುವ ಜಾಗದ ನಡುವಿನವರೆಗೆ ಅಳೆಯಬೇಕು.

8 ಮಿ.ಮೀ. ಸ್ಟಡ್ಡಿಗೆ ಬಹಳಷ್ಟು ಎಂಜಿನ್‌ಗಳಲ್ಲಿ ಹೇಳಿರುವುದು ಇದೇ 25ರ ಆಸುಪಾಸು, ಆದರೂ ನಿಮ್ಮ ಎಂಜಿನ್ನಿನ ಸರ್ವಿಸ್ ಪುಸ್ತಕದ ಅಂಕಿಯೇ ಅಂತಿಮ. ದಾರಿಗೆ ಆ್ಯಂಟಿ ಸೀಜ್ (ನಟ್ಟು ಹಿಡಿದುಕೊಳ್ಳದಂತೆ ಬಳಿಯುವ ಪೇಸ್ಟ್) ಬಳಿದಿದ್ದರೆ ಘರ್ಷಣೆ ಕಡಿಮೆಯಾಗಿ, ಅದೇ ಅಂಕಿಗೆ ಸ್ಟಡ್ ಹೆಚ್ಚು ಎಳೆಯಲ್ಪಡುತ್ತದೆ. ಪುಸ್ತಕದಲ್ಲಿ ಬಳಿಯಲು ಹೇಳದಿದ್ದರೆ ಒಣಗಿದ್ದಂತೆಯೇ ಬಿಗಿಯಿರಿ. ಡೌನ್‌ಪೈಪಿಗೆ ಬೋಲ್ಟಿನ ಬದಲು ವಿ ಕ್ಲ್ಯಾಂಪ್ (ಎರಡು ಅಂಚನ್ನೂ ಸುತ್ತಿ ಬಿಗಿಯುವ ಪಟ್ಟಿ) ಇದ್ದರೆ, ಸ್ವಲ್ಪ ಬಿಗಿದು ಸುತ್ತಲೂ ಪ್ಲಾಸ್ಟಿಕ್ ಸುತ್ತಿಗೆಯಿಂದ ತಟ್ಟಿ, ಮತ್ತೆ ಬಿಗಿಯಿರಿ. ಇಲ್ಲವಾದರೆ ಕ್ಲ್ಯಾಂಪ್ ಒಂದು ಕಡೆ ಕಚ್ಚಿ ಇನ್ನೊಂದು ಕಡೆ ಸೋರುತ್ತದೆ.

ಪ್ರಶ್ನೆ: ಟರ್ಬೊ ಬಿಚ್ಚಿ ಪ್ಯಾಕಿಂಗ್ ಬದಲಿಸಿ ಜೋಡಿಸಿದ ಮೇಲೆ ನೀಲಿ ಹೊಗೆ ಶುರುವಾಗಿದೆ. ಮೊದಲು ಇರಲಿಲ್ಲ. ಟರ್ಬೊ ಕೆಟ್ಟಿತೇ? — ಓದುಗರು, ಶಿವಮೊಗ್ಗ

ಉತ್ತರ: ಟರ್ಬೊವನ್ನು ದೂರುವ ಮುನ್ನ ಆಯಿಲ್ ವಾಪಸು ಬರುವ ಪೈಪ್ ನೋಡಿ. ಟರ್ಬೊಗೆ ಆಯಿಲ್ ಒತ್ತಡದಲ್ಲಿ ಬರುತ್ತದೆ, ಆದರೆ ಎಂಜಿನ್ ಅಡಿಯ ಆಯಿಲ್ ತೊಟ್ಟಿಗೆ (ಸಂಪ್) ವಾಪಸು ಹೋಗುವುದು ತನ್ನ ಭಾರಕ್ಕೆ ತಾನೇ ಇಳಿದು. ಆ ಜೋಡಣೆಗೆ ಯಾರಾದರೂ ಸಿಲಿಕೋನ್ ಬಳಿದಿದ್ದರೆ ಅದು ಒಳಕ್ಕೆ ಉಬ್ಬಿ ದಾರಿ ಕಿರಿದಾಗುತ್ತದೆ, ಆಯಿಲ್ ನಿಂತು ಸೀಲ್ ದಾಟಿ ಟರ್ಬೈನ್ ಕಡೆ ನುಗ್ಗುತ್ತದೆ. ಪೈಪ್ ಮಡಚಿದ್ದರೂ ಇದೇ ಫಲ. ಬಿಚ್ಚಿ, ಕೆರೆದು, ಬರೀ ಹೊಸ ಪ್ಯಾಕಿಂಗ್ ಹಾಕಿ. ಬಿಚ್ಚಿದ ದಿನ ಪೈಪಿನಲ್ಲಿ ಚೆಲ್ಲಿದ್ದ ಆಯಿಲ್ ಸುಡುತ್ತಿದ್ದರೆ ಹೊಗೆ ಸ್ವಲ್ಪ ದೂರ ಓಡಿಸುವಷ್ಟರಲ್ಲಿ ತಾನಾಗಿ ನಿಲ್ಲುತ್ತದೆ.

ಆಯಿಲ್ ಕೊಡುವ ಪೈಪಿನ ಬ್ಯಾಂಜೊ ಬೋಲ್ಟಿಗೆ (ಆಯಿಲ್ ಹಾಯುವಂತೆ ಒಳಗೆ ಟೊಳ್ಳಾದ ಬೋಲ್ಟು) ಎರಡೂ ಬದಿ ಹೊಸ ತಾಮ್ರದ ವಾಷರ್ ಬೇಕು. ಟರ್ಬೊವನ್ನೇ ಹೊಸದು ಹಾಕುವವರು ಈ ಪೈಪನ್ನೂ ಬದಲಿಸಿ, ಒಳಗೆ ಸುಟ್ಟು ಕಟ್ಟಿದ ಇಂಗಾಲ ಯಾವ ಸ್ಪ್ರೇಗೂ ಪೂರ್ತಿ ಹೋಗುವುದಿಲ್ಲ. ಜೋಡಿಸಿದ ಮೇಲೆ ಟರ್ಬೊದ ಆಯಿಲ್ ರಂಧ್ರಕ್ಕೆ ಹೊಸ ಎಂಜಿನ್ ಆಯಿಲ್ ತುಂಬಿ, ಇಂಜೆಕ್ಟರ್ ಕನೆಕ್ಟರ್‌ಗಳನ್ನು ಕಳಚಿ, 10 ಸೆಕೆಂಡಿನಂತೆ ಮೂರ್ನಾಲ್ಕು ಬಾರಿ ಸೆಲ್ಫ್ ಹೊಡೆಯಿರಿ. ಆಮೇಲೆ ಸ್ಟಾರ್ಟ್ ಮಾಡಿ ಐದು ನಿಮಿಷ ಐಡ್ಲಿಂಗ್, ಆಕ್ಸಿಲರೇಟರ್ ಮುಟ್ಟಬೇಡಿ. ಟರ್ಬೊ ತಳ್ಳುವ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರ್‌ನಲ್ಲಿ ಆಯಿಲ್ ನಿಂತಿದ್ದರೆ ಮೊದಲೇ ಸುರಿದು ತೊಳೆಯಬೇಕು. ಡೀಸೆಲ್ ಎಂಜಿನ್ ಆ ಆಯಿಲನ್ನೇ ಕುಡಿದು ಕೀ ಆಫ್ ಮಾಡಿದರೂ ನಿಲ್ಲದೆ ಓಡಬಲ್ಲದು.

ಪ್ರಶ್ನೆ: ಕನ್ವರ್ಟರ್ ದುಬಾರಿ. ಅದರ ಜಾಗಕ್ಕೆ ಬರೀ ಪೈಪ್ ಹಾಕಿಸಿದರೆ ಜಾಗವೂ ಸಿಗುತ್ತದೆ, ಪಿಕಪ್ಪೂ ಹೆಚ್ಚುತ್ತದೆ ಎನ್ನುತ್ತಾರೆ. — ಓದುಗರು, ಬೆಂಗಳೂರು

ಉತ್ತರ: ಕಾನೂನಿಗೆ ವಿರುದ್ಧ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರು ಕೊಟ್ಟ ವಿನ್ಯಾಸವನ್ನು ಹೀಗೆ ಬದಲಿಸಲು ಬಿಡುವುದಿಲ್ಲ. 2020ರ ಏಪ್ರಿಲ್ ನಂತರದ ಬಿಎಸ್6 (ಭಾರತ್ ಸ್ಟೇಜ್ 6 ಹೊಗೆ ಮಾನದಂಡದ) ಕಾರುಗಳಲ್ಲಂತೂ ಸೆನ್ಸರ್‌ಗಳು ಕೂಡಲೇ ದೂರು ಹೇಳಿ ಎಂಜಿನ್ನಿನ ಶಕ್ತಿ ಕಡಿತವಾಗಬಹುದು.

ಪ್ರಶ್ನೆ: ಡೌನ್‌ಪೈಪಿನ ಜಾಲರಿ ಫ್ಲೆಕ್ಸಿಬಲ್ (ಬಳುಕುವ ತುಂಡು) ವರ್ಷದಲ್ಲಿ ಎರಡು ಸಲ ಹರಿಯಿತು. ಎರಡು ಸಲವೂ ಹೊಸದು ವೆಲ್ಡ್ ಮಾಡಿಸಿದೆ. ಮಾಲು ಕಳಪೆಯೇ? — ಓದುಗರು, ಕಲಬುರಗಿ

ಉತ್ತರ: ಇರಬಹುದು, ಆದರೆ ಮೊದಲ ಅನುಮಾನ ಎಂಜಿನ್ ಮೌಂಟಿಂಗ್ ಮೇಲಿರಲಿ. ಬಾನೆಟ್ ತೆರೆದಿಟ್ಟು, ಬ್ರೇಕ್ ಒತ್ತಿ ಹಿಡಿದು ಮೊದಲ ಗೇರ್, ಆಮೇಲೆ ರಿವರ್ಸ್‌ನಲ್ಲಿ ಕ್ಲಚ್ಚನ್ನು ಸ್ವಲ್ಪ ಬಿಡಿಸಿ ನೋಡಿ. ಎದುರಿಗೆ ಯಾರೂ ನಿಲ್ಲದಿರಲಿ. ಎಂಜಿನ್ ಎರಡು ಬೆರಳಿಗಿಂತ ಹೆಚ್ಚು ವಾಲಿದರೆ ಕೆಳಗಿನ ರಬ್ಬರ್ ಮೌಂಟಿಂಗ್ ಹರಿದಿದೆ. ಆ ವಾಲಾಟವನ್ನೆಲ್ಲ ಫ್ಲೆಕ್ಸಿಬಲ್ಲೇ ತಿನ್ನುತ್ತಿದೆ. ಸೈಲೆನ್ಸರ್ ತೂಗುವ ರಬ್ಬರ್‌ಗಳನ್ನೂ ನೋಡಿ.

ಎರಡನೆಯ ಕಾರಣ ಜೋಡಿಸುವ ಕ್ರಮ. ಹಿಂದಿನ ಸೈಲೆನ್ಸರ್ ಬಿಗಿದು, ಆಮೇಲೆ ಡೌನ್‌ಪೈಪನ್ನು ಎಳೆದು ಟರ್ಬೊ ಬಾಯಿಗೆ ಕೂರಿಸಿದರೆ ಫ್ಲೆಕ್ಸಿಬಲ್ ಮೊದಲ ದಿನವೇ ತಿರುಚಿಕೊಂಡಿರುತ್ತದೆ. ಎಲ್ಲ ನಟ್ಟುಗಳನ್ನೂ ಕೈಯಲ್ಲಿ ಸಡಿಲವಾಗಿ ಹಿಡಿಸಿ, ಪೈಪನ್ನು ಅಲ್ಲಾಡಿಸಿ ಅದು ತಾನಾಗಿ ಕೂರುವ ಜಾಗ ನೋಡಿಕೊಳ್ಳಿ. ಟರ್ಬೊ ಕಡೆಯಿಂದ ಹಿಂದಕ್ಕೆ ಬಿಗಿಯುತ್ತ ಬನ್ನಿ, ಬ್ರಾಕೆಟ್‌ಗಳು ಕೊನೆಗೆ. ಬಿಚ್ಚುವಾಗಲೂ ಪೈಪನ್ನು ಫ್ಲೆಕ್ಸಿಬಲ್ ಮೇಲೆ ನೇತು ಬಿಡಬೇಡಿ, ತಂತಿ ಕಟ್ಟಿ ತೂಗುಹಾಕಿ.