ಓದುಗರ ಪ್ರಶ್ನೆ: ಸಣ್ಣ ಶೆಡ್ಡಿನ ಇಂಗಾಲದ ಲೆಕ್ಕ

ಪ್ರಶ್ನೆ: ಪೀಣ್ಯದಲ್ಲಿ ನಮ್ಮದು ಸಣ್ಣ ಮಷೀನ್ ಶಾಪ್. ನಾವು ಬಿಡಿಭಾಗ ಪೂರೈಸುವ ಕಂಪನಿ ‘ಇಂಗಾಲದ ಲೆಕ್ಕ ಕೊಡಿ’ ಎಂದು ಫಾರಂ ಕಳಿಸಿದೆ. ಸಲಹೆಗಾರರನ್ನು ಇಟ್ಟುಕೊಳ್ಳುವ ಶಕ್ತಿ ನಮಗಿಲ್ಲ. ನಾವೇ ಮಾಡಬಹುದೇ?

ಉತ್ತರ: ಧಾರಾಳವಾಗಿ ಮಾಡಬಹುದು. ಇಂಗಾಲದ ಲೆಕ್ಕ ಎಂದರೆ ನಿಮ್ಮ ಶೆಡ್ಡಿನ ಕೆಲಸದಿಂದ ಭೂಮಿಯನ್ನು ಬಿಸಿಮಾಡುವ ಅನಿಲ ಎಷ್ಟು ಹೊರಬೀಳುತ್ತದೆ ಎಂಬ ಲೆಕ್ಕ. ಷೇರುಪೇಟೆಯ ಅಗ್ರ 1,000 ಕಂಪನಿಗಳು ಪರಿಸರ ವರದಿ ಕೊಡುವುದನ್ನು ಸೆಬಿ 2022-23ರಿಂದ ಕಡ್ಡಾಯ ಮಾಡಿದೆ. ದೊಡ್ಡ ಕಂಪನಿಯ ಹೊಗೆ ಅದರ ಗೇಟಿನೊಳಗೆ ಮುಗಿಯುವುದಿಲ್ಲ. ಅದು ಕೊಳ್ಳುವ ಪ್ರತಿ ಬಿಡಿಭಾಗದ ಹಿಂದೆ ನಿಮ್ಮಂಥವರ ಶೆಡ್ಡಿನ ಕರೆಂಟು, ಡೀಸೆಲ್ ಇರುತ್ತದೆ. ಫಾರಂ ನಿಮ್ಮ ಬಾಗಿಲಿಗೆ ಬಂದಿರುವುದು ಅದಕ್ಕೇ.

ಮೊದಲು 12 ತಿಂಗಳ ವಿದ್ಯುತ್ ಬಿಲ್ಲು, ಡೀಸೆಲ್ ಮತ್ತು ಗ್ಯಾಸ್ ರಸೀದಿ, ಏಸಿ ಸರ್ವಿಸ್ ಚೀಟಿಗಳನ್ನು ಒಟ್ಟುಮಾಡಿ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್. 19 ಕಿಲೋ ಸಿಲಿಂಡರಿಗೆ ಸುಮಾರು 57 ಕಿಲೋ. ಗ್ರಿಡ್ಡಿನ ಒಂದು ಯೂನಿಟ್ಟಿಗೆ ಸುಮಾರು 0.7 ಕಿಲೋ, ಆಯಾ ವರ್ಷದ ಖಚಿತ ಅಂಕಿಯನ್ನು ಕೇಂದ್ರ ವಿದ್ಯುತ್ ಪ್ರಾಧಿಕಾರ ಪ್ರಕಟಿಸುತ್ತದೆ, ಅದನ್ನೇ ಬಳಸಿ. ತಿಂಗಳಿಗೆ 18,000 ಯೂನಿಟ್, 400 ಲೀಟರ್ ಡೀಸೆಲ್ ಎಂದಾದರೆ ಕರೆಂಟಿನ 12.6 ಟನ್ನಿಗೆ ಡೀಸೆಲಿನ 1.08 ಟನ್ ಸೇರುತ್ತದೆ.

ತಪ್ಪುವುದು ಮೂರು ಕಡೆ. ಜನರೇಟರ್ ಕೊಟ್ಟ ಯೂನಿಟ್ಟನ್ನೂ ಅದಕ್ಕೆ ಸುರಿದ ಡೀಸೆಲನ್ನೂ ಎರಡು ಸಲ ಹಿಡಿಯುತ್ತಾರೆ. ಡೀಸೆಲ್ ಮಾತ್ರ ಹಿಡಿಯಿರಿ. ಎಚ್‌ಟಿ (ಹೈ ಟೆನ್ಷನ್) ಮೀಟರಿನ ರೀಡಿಂಗ್ ವ್ಯತ್ಯಾಸವನ್ನು ಆ ಮೀಟರಿನ ಗುಣಕದಿಂದ (ಮಲ್ಟಿಪ್ಲೈಯಿಂಗ್ ಫ್ಯಾಕ್ಟರ್) ಗುಣಿಸದೆ ಹಾಗೇ ಬರೆದುಬಿಡುತ್ತಾರೆ. ಇನ್ನು ಏಸಿಗೆ ತುಂಬಿಸಿದ ಅನಿಲವನ್ನು ಮರೆತೇಬಿಡುತ್ತಾರೆ. ಸೋರಿಹೋದ ಒಂದು ಕಿಲೋ ಆರ್-22 ಎಂಬ ಏಸಿ ಅನಿಲ ಭೂಮಿಯನ್ನು ಬಿಸಿಮಾಡುವುದು 1,700 ಕಿಲೋಗೂ ಹೆಚ್ಚು ಇಂಗಾಲದ ಡೈಆಕ್ಸೈಡಿನಷ್ಟು.

ಪ್ರಶ್ನೆ: ಲೆಕ್ಕ ಹಾಕಿದ್ದೇವೆ, ಕರೆಂಟೇ ಜಾಸ್ತಿ. ಸೋಲಾರಿಗೆ ಸದ್ಯಕ್ಕೆ ದುಡ್ಡಿಲ್ಲ. ಎಲ್ಲಿಂದ ಶುರುಮಾಡೋಣ?

ಉತ್ತರ: ಮಷೀನುಗಳಿಗೆ ಒತ್ತಡದ ಗಾಳಿ ಕೊಡುವ ಕಂಪ್ರೆಸರಿನಿಂದ. ಭಾನುವಾರ ಎಲ್ಲ ಮಷೀನು ನಿಲ್ಲಿಸಿ, ಗಾಳಿಯ ಲೈನ್ ತೆರೆದೇ ಇರಲಿ, ಕಂಪ್ರೆಸರ್ ಮಾತ್ರ ಓಡಿಸಿ. ಗಾಳಿ ಬಳಸುವವರೇ ಇಲ್ಲ, ಆದರೂ ಅದು ಮತ್ತೆಮತ್ತೆ ಲೋಡ್ ಆಗುತ್ತದೆ, ಅಂದರೆ ಗಾಳಿ ತುಂಬತೊಡಗುತ್ತದೆ; ಒತ್ತಡ ತುಂಬಿದಾಗ ಅನ್‌ಲೋಡ್ ಆಗಿ ಬರಿದೇ ಓಡುತ್ತದೆ. ಆ ಗಾಳಿಯೆಲ್ಲ ಸೋರಿಕೆಗೆ. ಐದಾರು ಸುತ್ತು ಗಡಿಯಾರ ಹಿಡಿದು ಸರಾಸರಿ ತೆಗೆಯಿರಿ. ಒಂದೂವರೆ ನಿಮಿಷ ಲೋಡ್, ನಾಲ್ಕೂವರೆ ನಿಮಿಷ ಅನ್‌ಲೋಡ್ ಎಂದಾದರೆ ಆರರಲ್ಲಿ ಒಂದೂವರೆ, ಅಂದರೆ ನೂರಕ್ಕೆ 25 ಭಾಗ ಪೋಲು. 100 ಸಿಎಫ್‌ಎಂ (ನಿಮಿಷಕ್ಕೆ 100 ಘನ ಅಡಿ ಗಾಳಿ ಕೊಡುವ) ಕಂಪ್ರೆಸರಿನಲ್ಲಿ ಇದು ಸುಮಾರು 4 ಕಿಲೋವ್ಯಾಟ್. ದಿನಕ್ಕೆ 16 ಗಂಟೆ, ತಿಂಗಳಿಗೆ 25 ದಿನ ಹಿಡಿದರೆ 1,600 ಯೂನಿಟ್, ಒಂದು ಟನ್ನಿಗೂ ಮೀರಿದ ಇಂಗಾಲದ ಡೈಆಕ್ಸೈಡ್! ವಿಎಫ್‌ಡಿ (ಬೇಕಾದಂತೆ ಮೋಟಾರಿನ ವೇಗ ಬದಲಿಸುವ ಸಾಧನ) ಇರುವ ಕಂಪ್ರೆಸರಿಗೆ ಈ ಪರೀಕ್ಷೆ ಹೊಂದುವುದಿಲ್ಲ.

ಸೋಪಿನ ನೀರು, ಬ್ರಷ್ ಹಿಡಿದು ಕ್ವಿಕ್ ಕಪ್ಲರ್, ಏರ್ ಗನ್, ಹೋಸ್ ಕ್ಲ್ಯಾಂಪ್, ಎಫ್‌ಆರ್‌ಎಲ್ (ಗಾಳಿ ಸೋಸಿ, ಒತ್ತಡ ಹದಮಾಡಿ, ಎಣ್ಣೆ ಬೆರೆಸುವ ಘಟಕ) ಬಟ್ಟಲುಗಳನ್ನು ನೋಡಿ. ಗುಳ್ಳೆ ಎದ್ದಲ್ಲಿ ಬಣ್ಣದ ದಾರ ಕಟ್ಟಿ, ಆಮೇಲೆ ಒಂದೊಂದಾಗಿ ಸರಿಪಡಿಸಿ. ಒತ್ತಡವನ್ನು ಏರಿಸಿ ಸೋರಿಕೆ ಮುಚ್ಚಿಡುವುದು ನಮ್ಮ ಶೆಡ್ಡುಗಳ ದೊಡ್ಡ ಕೆಟ್ಟ ಚಾಳಿ: ಒತ್ತಡ ಹೆಚ್ಚಿದಂತೆ ಸೋರುವುದೂ ಹೆಚ್ಚುತ್ತದೆ. ತೂತು ಮುಚ್ಚಿದ ಮೇಲೆ 7 ಬಾರ್‌ನಿಂದ 6ಕ್ಕೆ ಇಳಿಸಿ ನೋಡಿ. ಕೆಲಸ ನಡೆದರೆ ಕಂಪ್ರೆಸರಿನ ಕರೆಂಟು ಇನ್ನೂ ನೂರಕ್ಕೆ 6-7 ಭಾಗ ಇಳಿಯುತ್ತದೆ.

ಪ್ರಶ್ನೆ: ಕಾಂಪೌಂಡಿನಲ್ಲಿ 50 ಸಸಿ ನೆಟ್ಟಿದ್ದೇವೆ. ಅಷ್ಟು ಕಳೆದು ಬರೆಯಬಹುದೇ?

ಉತ್ತರ: ಬೇಡ. ಫಾರಂ ಕೇಳುತ್ತಿರುವುದು ನೀವು ಹೊರಬಿಟ್ಟದ್ದನ್ನು. ಸಸಿಗಳ ವಿಷಯವನ್ನು ಷರಾ ಕಾಲಮ್ಮಿನಲ್ಲಿ ಬೇರೆಯಾಗಿ ಬರೆಯಿರಿ, ನೀರು ಹಾಕುವುದನ್ನು ಮಾತ್ರ ನಿಲ್ಲಿಸಬೇಡಿ.